ತಾಯಮ್ಮನ ಉಪ್ಪಿಟ್ಟು ಮತ್ತು ಹದಿನೆಂಟನೆಯ ತರಬೇತಿ

ನಮ್ಮೂರಿನ ಎಲ್ಲ ಹೋಟೆಲುಗಳಲ್ಲೂ ಗಲ್ಲಾದ ಮೇಲೆ ಒಂದು ಬೋರ್ಡು ಇರುತ್ತದೆ: ‘ಇಲ್ಲಿ ತಿಂದು ಹೋಗಿ ಕಲಿಯಬಾರದು.’ ಹೊರಗಿನವರು ಓದಿ ನಗುತ್ತಾರೆ. ನಾವು ನಗುವುದಿಲ್ಲ. ನಮ್ಮೂರಲ್ಲಿ ಯಾರಾದರೂ ಹೊಸದೊಂದನ್ನು ಕಲಿತರೆ, ಅವರಿಗೆ ಕೊನೆಯ ಸಲ ತಿನ್ನಲು ಬಡಿಸಿದವರು ತಮಗೆ ಗೊತ್ತಿದ್ದ ಒಂದನ್ನು ಮರೆಯುತ್ತಾರೆ. ಹಾಗಾಗಿ ಮಾಣಿ ದೋಸೆ ತರುವ ಮೊದಲು “ಏನಾದ್ರೂ ಪರೀಕ್ಷೆ ಗಿರೀಕ್ಷೆ ಇದೆಯಾ ಸಾರ್?” ಎಂದು ಕೇಳುತ್ತಾನೆ. ಇದೆ ಅಂದರೆ ನೀರು ಕೂಡ ಸಿಗುವುದಿಲ್ಲ.

ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಮಕ್ಕಳ ತಾಯಂದಿರು ನಡುಬೀದಿಯಲ್ಲಿ ನಿಂತು ಏನನ್ನೋ ಯೋಚಿಸುತ್ತಿರುತ್ತಾರೆ. ನಾವು ಅವರನ್ನು ಬಳಸಿಕೊಂಡು ಹೋಗುತ್ತೇವೆ, ಹಾರನ್ನು ಹೊಡೆಯುವುದಿಲ್ಲ. ಹೊಸದಾಗಿ ಸೈಕಲ್ಲು ಕಲಿತವನು ಎಲೆ ಅಡಿಕೆ ಬಾಳೆಹಣ್ಣು ಹಿಡಿದುಕೊಂಡು ಬಡಿಸಿದವರ ಹತ್ತಿರ ಹೋಗಿ “ಏನ್ ಹೋಯ್ತು?” ಎಂದು ಕೇಳಬೇಕು. “ಏನೂ ಹೋಗ್ಲಿಲ್ಲ ಬಿಡಪ್ಪ” ಅನ್ನುವುದು ಮರ್ಯಾದೆ. ಮರೆತವರಿಗೆ ತಾವು ಮರೆತದ್ದು ಏನೆಂದು ಗೊತ್ತಿರುವುದೂ ಇಲ್ಲ. ತಾವೇ ಬಡಿಸಿಕೊಂಡು ತಿಂದು ಕಲಿತರೆ ಏನೂ ಲಾಭವಿಲ್ಲ. ನನ್ನ ಚಿಕ್ಕಪ್ಪ ಒಂಟಿಯಾಗಿದ್ದವರು. ಹಾರ್ಮೋನಿಯಂ ಕಲಿತ ವರ್ಷ ಪಂಚೆ ಉಡುವುದನ್ನು ಮರೆತು, ಕಛೇರಿ ಕೊಡುವ ಆಸೆಯನ್ನೇ ಬಿಡಬೇಕಾಯಿತು. ಸುದ್ದಿ ಕೇಳುವುದು ಮಾತ್ರ ಕಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಬಂದಿದ್ದರೆ ನಮ್ಮೂರಿನ ಅಷ್ಟೂ ಜನರ ತಲೆ ಎಂದೋ ಖಾಲಿಯಾಗಿರುತ್ತಿತ್ತು.

ಇಂಥ ಊರಿನ ಬಿಸ್ಕತ್ತು ಕಾರ್ಖಾನೆಯಲ್ಲಿ ತರಬೇತಿ ವಿಭಾಗದ ಮುಖ್ಯಸ್ಥ ನಾನು, ಕೆಂಪರಾಜು. ವಿಭಾಗದಲ್ಲಿ ನಾನೊಬ್ಬನೇ ಇರುವುದರಿಂದ ಮುಖ್ಯಸ್ಥನಾಗುವುದು ಕಷ್ಟವಾಗಲಿಲ್ಲ. ಆರು ವರ್ಷಗಳಲ್ಲಿ ಹದಿನೇಳು ತರಬೇತಿ ನಡೆಸಿದ್ದೇನೆ. ಮೊದಲನೆಯದಕ್ಕೆ, ಅಂದರೆ ‘ಕೈ ತೊಳೆಯುವ ಸರಿಯಾದ ಕ್ರಮ’ ಎಂಬುದಕ್ಕೆ, ಹೆಡ್ಡಾಫೀಸಿನಿಂದ ಪ್ರಶಸ್ತಿಯೂ ಬಂತು. ಅದನ್ನು ಚೌಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದೆ. ಉಳಿದ ಹದಿನಾರು ತರಬೇತಿಗಳ ಬಗ್ಗೆ ಹೆಡ್ಡಾಫೀಸಿನವರು ಬರೆದ ಪತ್ರಗಳಿಗೆ ಚೌಕಟ್ಟು ಹಾಕಿಸಲಿಲ್ಲ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಹೊಸ ಅಚ್ಚು ಯಂತ್ರ ಬಂತು. ಹಿಟ್ಟಿನ ಹಾಳೆ ಅದರ ಉರುಳೆಯ ಕೆಳಗೆ ಹೋಗಿ ಬಿಸ್ಕತ್ತಾಗಿ ಈಚೆ ಬರುತ್ತದೆ. ಹಿಟ್ಟು ಸಿಕ್ಕಿಕೊಂಡರೆ ಕೆಂಪು ಗುಂಡಿ ಒತ್ತಿ, ಒಂದರಿಂದ ಆರರ ತನಕ ಎಣಿಸಿ, ಆಮೇಲೆ ಕೈ ಹಾಕಬೇಕು. ಗುಂಡಿ ಒತ್ತಿದ ಮೇಲೂ ಉರುಳೆ ಅಷ್ಟು ಹೊತ್ತು ಸುತ್ತುತ್ತಲೇ ಇರುತ್ತದೆ. ಕಲಿಯಬೇಕಾದದ್ದು ಇಷ್ಟೇ. ಇಷ್ಟನ್ನು ಮೂವತ್ತೆರಡು ಜನ ಕೆಲಸಗಾರರಿಗೆ ಕಲಿಸಲು ನಾನು ಐದು ತರಬೇತಿ ಮಾಡಿದೆ. ಪ್ರತಿ ಸಲವೂ ಕೊನೆಗೆ ‘ಎಷ್ಟರವರೆಗೆ ಎಣಿಸಬೇಕು?’ ಎಂದು ಪರೀಕ್ಷೆ ಕೊಟ್ಟೆ. ಒಬ್ಬರು ‘ಶುಕ್ರವಾರ’ ಎಂದು ಬರೆದಿದ್ದರು. ಇನ್ನೊಬ್ಬರು ‘ದಯವಿಟ್ಟು ಕ್ಷಮಿಸಿ’ ಎಂದು ದುಂಡಗೆ ಬರೆದು ಸಹಿ ಹಾಕಿದ್ದರು. ಯಂತ್ರದ ಪಕ್ಕದಲ್ಲೇ ಬೋರ್ಡು ಅಂಟಿಸಿದೆ. ಮಾರನೆಯ ದಿನ ಅದರ ಮೇಲೆ ಲಕ್ಷ್ಮಿಯ ಕ್ಯಾಲೆಂಡರು ತೂಗುತ್ತಿತ್ತು. ತೆಗೆಯಲು ಹೋದರೆ ಲಕ್ಷ್ಮಿಯ ಮೇಲೆ ಕೈ ಹಾಕಿದ ಪಾಪ ನನಗೆ.

ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಹಿರಿಯ ಆಪರೇಟರ್ ಮರಿಸಿದ್ದಯ್ಯನ ಉಂಗುರದ ಬೆರಳಿನ ತುದಿ ಆ ಯಂತ್ರಕ್ಕೆ ಹೋಯಿತು. ಆಮೇಲೆ ಇಬ್ಬರ ಉಗುರು ಜಜ್ಜಿತು. ಆ ದಿನಗಳಲ್ಲಿ ಯಂತ್ರದ ಶಬ್ದ ನಿಂತರೆ ನನ್ನ ಎದೆಯೂ ನಿಲ್ಲುತ್ತಿತ್ತು. ಓಡಿ ಹೋಗಿ ಬೆರಳು ಎಣಿಸುತ್ತಿದ್ದೆ. ಮೂವತ್ತೆರಡು ಜನರ ಮುನ್ನೂರ ಇಪ್ಪತ್ತು ಬೆರಳುಗಳಲ್ಲಿ ಒಂದರ ತುದಿ ಇಲ್ಲ. ಉಳಿದದ್ದನ್ನು ಕಾಯುವುದು ನನ್ನ ಕೆಲಸ, ಮತ್ತು ಆ ಕೆಲಸ ನನಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಾಗಿತ್ತು.

ಸುಮ್ಮನೆ ಕೂತಿರಲಿಲ್ಲ. ಪರದೆಯ ಮೇಲೆ ತೋರಿಸುವ ಚಿತ್ರಗಳ ಬಣ್ಣ ಬದಲಾಯಿಸಿದೆ. ಘೋಷಣೆ ಬರೆದ ಟೋಪಿ ಹಂಚಿದೆ. ಹಾಲಿಗೆ ಹೊಸ ಫ್ಯಾನು ಹಾಕಿಸಿದೆ. ಮಧ್ಯದಲ್ಲಿ ಕೊಡುತ್ತಿದ್ದ ಬೋಂಡಾದಿಂದ ನಿದ್ದೆ ಬರುತ್ತದೆಂದು ವಡೆ ಮಾಡಿಸಿದೆ. ವಡೆಯಿಂದಲೂ ಏನೂ ಆಗದಿದ್ದಾಗ ಚಟ್ನಿಯ ಮೇಲೆ ಅನುಮಾನ ಬಂತು. ಆಗ ಹೆಡ್ಡಾಫೀಸಿನವರು, ಇನ್ನೊಂದು ಬೆರಳು ಹೋದರೆ ನಿಮ್ಮ ವಿಭಾಗಕ್ಕೆ ಬೀಗ ಹಾಕುತ್ತೇವೆ ಎಂದು ಬರೆದು, ಜೊತೆಗೆ ಶರ್ವಾಣಿ ಎಂಬ ಹೆಣ್ಣುಮಗಳನ್ನೂ ಕಳಿಸಿದರು.

ಶರ್ವಾಣಿಗೆ ಇಪ್ಪತ್ತೆಂಟು ವರ್ಷವಿರಬಹುದು. ಬೆನ್ನಿಗೆ ಚೀಲ, ಚೀಲದ ತುಂಬ ಹಳದಿ, ಗುಲಾಬಿ, ಹಸಿರು ಚೀಟಿಗಳು. “ಡಿಸೈನ್ ಥಿಂಕಿಂಗ್ ಅಂತ ಸರ್, ತೊಡಕಿಗೆ ಉಪಾಯ ಹುಡುಕೋ ಒಂದು ವಿದ್ಯೆ,” ಅಂದಳು. ನಾನು ಹದಿನೆಂಟನೆಯ ತರಬೇತಿಯ ವೇಳಾಪಟ್ಟಿಯನ್ನು ಮುಂದೆ ಸರಿಸಿದೆ. ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. “ಈಗಲೇ ಏನೂ ಕಲಿಸೋದು ಬೇಡ ಸರ್. ಮೊದಲು ಅವರ ಜೊತೆ ಕೂತು ನೋಡೋಣ.”

“ಏನನ್ನ ನೋಡೋದು ಮೇಡಂ?”

“ಅವರನ್ನ.”

ಆರು ವರ್ಷ ಅವರ ಮುಂದೆ ನಿಂತು ಮಾತಾಡಿದವನು ನಾನು. ನೋಡುವುದು ಇನ್ನೇನಿದೆ ಎಂದು ಕೋಪ ಬಂತು. ಆದರೆ ನೆನಪಿಸಿಕೊಂಡರೆ ಮೂವತ್ತೆರಡು ನೆತ್ತಿಗಳು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಎಲ್ಲರೂ ತಲೆ ತಗ್ಗಿಸಿಯೇ ಕೂತಿರುತ್ತಿದ್ದರು.

ನೋಡುವುದೆಂದರೆ ಶರ್ವಾಣಿಗೆ ಕಲಿಯುವುದೇ ಆಗಿತ್ತು. ಕಂಡದ್ದನ್ನೆಲ್ಲ ಕಲಿಯುತ್ತಿದ್ದಳು. ಅವಳು ಇಳಿದುಕೊಂಡಿದ್ದ ಲಾಡ್ಜಿನ ಯಜಮಾನರೇ ಅವಳಿಗೆ ತಿಂಡಿ ಬಡಿಸುತ್ತಿದ್ದರು. ಮೂರನೆಯ ದಿನ ಅವರು ನನ್ನ ಮನೆಗೆ ಬಂದು ಕೈಮುಗಿದರು. “ಕೆಂಪರಾಜಣ್ಣ, ಆ ಹುಡುಗೀನ ಬೇರೆ ಕಡೆ ಇಳಿಸಿಕೊಳ್ಳಿ. ನಮ್ಮ ಲಾಡ್ಜಲ್ಲಿ ಎಷ್ಟು ರೂಮಿದೆ ಅನ್ನೋದೇ ಮರೆತೋಗಿದೆ. ಬೆಳಿಗ್ಗೆ ಒಬ್ಬರಿಗೆ ಅಡುಗೆಮನೆ ಬೀಗದ ಕೈ ಕೊಟ್ಬಿಟ್ಟೆ.”

ನಾವು ಕ್ಯಾಂಟೀನಿನಲ್ಲಿ ಕೂತೆವು. ನಾನು ಅಲ್ಲಿಗೆ ಹೋದವನೇ ಅಲ್ಲ. ಬಿಸ್ಕತ್ತಿಗೆ ಹೊರಗಿನ ಧೂಳು ಬರಬಾರದೆಂದು ಕೆಲಸಗಾರರು ಮನೆಯ ಬುತ್ತಿ ತರುವಂತಿಲ್ಲ. ಆಫೀಸಿನವರಿಗೆ ಮಾತ್ರ ಆ ನಿಯಮವಿಲ್ಲ. ನನಗೆ ನನ್ನ ಹೆಂಡತಿ ಪಂಕಜ ಡಬ್ಬಿ ಕಟ್ಟುತ್ತಾಳೆ. ಕ್ಯಾಂಟೀನಿನಲ್ಲಿ ಅಡುಗೆಯವಳು ಸಣ್ಣತಾಯಮ್ಮ, ಎಲ್ಲರ ಬಾಯಲ್ಲಿ ತಾಯಮ್ಮ. ಅರವತ್ತು ದಾಟಿದ, ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು. ಅವಳ ಉಪ್ಪಿಟ್ಟಿನ ಒಗ್ಗರಣೆ ಗೇಟಿನ ತನಕ ಕೇಳಿಸುತ್ತಿತ್ತು. ಸುತ್ತಲೂ ಚೀಟಿಗಳು. ಡಬ್ಬಗಳ ಮೇಲೆ ‘ಉಪ್ಪು’, ‘ಸಕ್ಕರೆ’, ‘ಇದು ರವೆ, ಪಕ್ಕದ್ದೂ ರವೆ’. ಬಾಗಿಲ ಮೇಲೆ ‘ತಳ್ಳು’. ಗೋಡೆಯ ಮೊಳೆಯ ಕೆಳಗೆ ‘ಇಲ್ಲಿರುವ ಚೀಲ ನಿನ್ನದೇ’. ಶರ್ವಾಣಿ ಅವನ್ನೆಲ್ಲ ಓದಿ, ತನ್ನ ಕೈಯಲ್ಲಿದ್ದ ಬಣ್ಣದ ಚೀಟಿಗಳನ್ನು ಮೆಲ್ಲಗೆ ಚೀಲದೊಳಗೆ ಇಟ್ಟುಕೊಂಡಳು.

“ಸರ್, ಇವರೆಲ್ಲಾ ಟ್ರೇನಿಂಗ್ ಹಾಲಿಗೆ ಬರುವಾಗ ಕಿವಿಗೆ ಹತ್ತಿ ಯಾಕೆ ಇಟ್ಕೊಳ್ತಾರೆ?” ಎಂದಳು.

“ಯಂತ್ರದ ಶಬ್ದಕ್ಕೆ ಮೇಡಂ.”

“ಹಾಲಲ್ಲಿ ಯಂತ್ರ ಎಲ್ಲಿದೆ?”

ಆ ಸಂಜೆ ಐದೂವರೆಗೆ ಅವಳು ನನ್ನನ್ನು ಮುಂದಿನ ಗೇಟಿಗೆ ಎಳೆದುಕೊಂಡು ಹೋದಳು. ನನ್ನ ಮನೆ ಕಾರ್ಖಾನೆಯ ಹಿಂದೆಯೇ ಇರುವುದರಿಂದ ನಾನು ಹಿಂದಿನ ಗೇಟಿನಲ್ಲಿ ಹೋಗಿಬಿಡುತ್ತೇನೆ. ಮುಂದಿನ ಗೇಟಿನಲ್ಲಿ ಮೂವತ್ತೆರಡು ಜನರೂ ಕಾಯುತ್ತಿದ್ದರು. ತಾಯಮ್ಮ ಚೀಲ ಹಿಡಿದು ಬಂದು ಗೇಟಿನಲ್ಲಿ ನಿಂತಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮರಿಸಿದ್ದಯ್ಯ ಹತ್ತಿರ ಹೋಗಿ “ಬಾ ತಾಯಮ್ಮ” ಅಂದ. ಎಲ್ಲರೂ ಅವಳ ಹಿಂದೆ ಮುಂದೆ ನಡೆಯುತ್ತ ಬಲಕ್ಕೆ ತಿರುಗಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆ ಎಡಕ್ಕಿದೆ.

ಅವಳನ್ನು ಮನೆ ಸೇರಿಸಿ ಹಿಂತಿರುಗುವಾಗ ಮರಿಸಿದ್ದಯ್ಯನನ್ನು ನಿಲ್ಲಿಸಿ ಕೇಳಿದೆವು. ಅವನು ಹೋಗಿ ಮೋರಿಯ ಕಟ್ಟೆಯ ಮೇಲೆ ಕೂತ. ಶರ್ವಾಣಿ ಅವನ ಪಕ್ಕ ಕೂತಳು. ನಾನೂ ಕೂತೆ.

“ಆರು ವರ್ಷದ್ ಹಿಂದೆ ಕೈ ತೊಳೆಯೋದು ಹೇಳ್ಕೊಟ್ರಲ್ಲ ಸಾ, ಗೌರಿ ಹಬ್ಬದ ಹಿಂದಿನ್ ದಿವ್ಸ. ಚೆನ್ನಾಗೇ ಹೇಳ್ಕೊಟ್ರಿ. ಮೂವತ್ತೆರಡು ಜನಾನೂ ಒಂದೇಟ್ಗೆ ಕಲ್ತ್ಬುಟ್ವಿ. ಆಮ್ಯಾಕೆ ಎಲೆ ಅಡಿಕೆ ತಕೊಂಡು ಸಾಲಾಗ್ ನಿಂತು ಏನ್ ಹೋಯ್ತು ತಾಯಮ್ಮ ಅಂದ್ವಿ. ಏನೂ ಹೋಗ್ಲಿಲ್ಲ ಬಿಡ್ರಪ್ಪ ಅಂದ್ಲು. ಸಂಜೆ ಗೇಟ್ ತಾವ ಬಂದು ನಿಂತ್ಕೊಂಡು, ‘ಲೋ ಮಗ, ನಮ್ಮನೆ ಎಡಕ್ಕೋ ಬಲಕ್ಕೋ’ ಅಂತ ಕೇಳಿದ್ಲು ಸಾ.” ಅವನು ತಾಯಮ್ಮನ ಮನೆಯ ಕಡೆ ನೋಡಿದ. “ಹೇಳ್ಕೊಡಾನ ಅಂದ್ರೆ, ಮನೇಲಿ ತಾನೇ ಬಡಿಸ್ಕೊಂಡು ತಿನ್ನೋಳು. ದಾರಿ ಕಲ್ತ್ರೆ ಇನ್ನೊಂದು ಹೋಯ್ತದೆ. ಅವತ್ತೇ ಎಲ್ರೂ ಆಣೆ ಮಾಡ್ಬುಟ್ವಿ. ಅವ್ಳ ಕೈಲಿ ತಿಂದು ಒಂದಕ್ಸರಾನೂ ಕಲಿಯಾಕಿಲ್ಲ ಅಂತ.”

“ನಿಮ್ಮ ಬೆರಳು ಹೋಯ್ತಲ್ರೀ!” ಅಂದೆ.

“ಬೆರಳು ನಂದು ಸಾ. ಅವ್ಳ ನೆಪ್ಪು ನಂದಾ?”

ಮಾರನೆಯ ದಿನ ಕುರ್ಚಿಯ ಹಿಂದಿದ್ದ ಪ್ರಶಸ್ತಿಯನ್ನು ಇಳಿಸಿ ಬೀರುವಿನ ಸಂದಿಗೆ ಸೇರಿಸಿದೆ. ಹದಿನೇಳರಲ್ಲಿ ಗೆದ್ದ ಒಂದೇ ಒಂದು ತರಬೇತಿ ಅದು. ಗೆದ್ದದ್ದಕ್ಕೆ ಒಬ್ಬ ಹೆಂಗಸಿಗೆ ಮನೆಯ ದಾರಿ ಇಲ್ಲದಾಯಿತು, ಸೋತದ್ದಕ್ಕೆ ಒಬ್ಬನ ಬೆರಳಿನ ತುದಿ ಹೋಯಿತು. ಎರಡೂ ಕಡೆ ನಾನೇ ಬೋಂಡಾ ಕೊಡಿಸಿದ್ದೆ.

ಶರ್ವಾಣಿ ಗೋಡೆಯ ಮೇಲೆ ಹಳದಿ ಚೀಟಿ ಹಚ್ಚಿ ಬರೆದಳು: ‘ತೊಡಕು ಇವರಿಗೆ ಕಲಿಯಲು ಬರುವುದಿಲ್ಲ ಎಂಬುದಲ್ಲ. ಬಡಿಸುವವರನ್ನು ಕಳೆದುಕೊಳ್ಳದೆ ಕಲಿಯುವುದು ಹೇಗೆ ಎಂಬುದು.’ ನಂತರ ಕೆಲಸಗಾರರನ್ನೇ ಕರೆದು ಉಪಾಯ ಕೇಳಿದಳು. ನಾನು ಆರು ವರ್ಷ ಬಾಯಿ ಬಿಡಿಸಲಾಗದ ಜನ ಅರ್ಧ ಗಂಟೆಯಲ್ಲಿ ಎಪ್ಪತ್ತು ಚೀಟಿ ತುಂಬಿದರು. ಒಬ್ಬ ‘ಉಪವಾಸ’ ಎಂದು ಬರೆದ. ಉಪವಾಸ ಕೂತರೂ ಕೊನೆಯ ಸಲ ಬಡಿಸಿದವರು ಒಬ್ಬರು ಇದ್ದೇ ಇರುತ್ತಾರಲ್ಲ ಎಂದು ಇನ್ನೊಬ್ಬ ಅದರ ಕೆಳಗೇ ಬರೆದ. ‘ಮ್ಯಾನೇಜರು ಬಡಿಸಲಿ’ ಎಂಬ ಉಪಾಯ ಇಪ್ಪತ್ತೊಂಬತ್ತು ಚೀಟಿಗಳಲ್ಲಿ ಇತ್ತು.

ಬಹುಮತದಂತೆ ಅದನ್ನೇ ಮೊದಲು ಪರೀಕ್ಷಿಸಿದೆವು. ಮ್ಯಾನೇಜರು ಹೊರ ಊರಿನವರು. “ನಾನ್ಸೆನ್ಸ್” ಎಂದು ಅಂಗಿಯ ತೋಳು ಮಡಚಿಕೊಂಡು ಆರು ಜನರಿಗೆ ತಾವೇ ಉಪ್ಪಿಟ್ಟು ಬಡಿಸಿದರು. ಆ ಆರೂ ಜನ ಹತ್ತು ನಿಮಿಷದಲ್ಲಿ ಕೆಂಪು ಗುಂಡಿಯ ಪಾಠ ಕಲಿತು, ಯಂತ್ರದ ಮುಂದೆ ಗಟ್ಟಿಯಾಗಿ ಆರರ ತನಕ ಎಣಿಸಿ ತೋರಿಸಿದರು. ಮ್ಯಾನೇಜರು ಕೋಣೆಗೆ ಹೋಗಿ ಒಂದು ಕಾಗದವನ್ನು ಬಹಳ ಹೊತ್ತು ನೋಡಿ, “ಕೆಂಪರಾಜು, ನನ್ನ ಸಹಿ ಹೇಗಿರ್ತಿತ್ತು?” ಎಂದು ಕೇಳಿದರು. ‘ಅರ್ಜೆಂಟ್’ ಎಂದರೆ ಏನೆಂಬುದೂ ಅವರಿಗೆ ಮರೆತಿತ್ತು. ಮೂರು ದಿನ ಕಾರ್ಖಾನೆಯಲ್ಲಿ ಯಾರಿಗೂ ಬೈಗುಳ ಬೀಳಲಿಲ್ಲ. ಕೆಲಸಗಾರರು ಈ ಪ್ರಯೋಗ ತಮಗೆ ಬಹಳ ಹಿಡಿಸಿತೆಂದೂ, ಇನ್ನೂ ಇಪ್ಪತ್ತಾರು ಜನ ಉಳಿದಿದ್ದಾರೆಂದೂ ಚೀಟಿ ಬರೆದುಕೊಟ್ಟರು. ಹೆಡ್ಡಾಫೀಸಿನವರು ಒಪ್ಪಲಿಲ್ಲ.

ದಾರಿ ತೋರಿಸಿದ್ದು ಪಂಕಜ. ಅವಳು ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ನನ್ನ ತಂಗಿಯ ಎದುರು, ಬಿಸಿಬೇಳೆಬಾತು ಚೆನ್ನಾಗಿದೆ ಆದರೆ ನಮ್ಮಮ್ಮನ ಕೈರುಚಿ ಬರಲಿಲ್ಲ ಎಂದು ನಾನು ಅಂದದ್ದು ಕಾರಣ. ತಟ್ಟೆಯನ್ನು ಕುಕ್ಕಿ ಬಡಿಸುತ್ತಿದ್ದಳು, ಅಷ್ಟೇ. ಒಂದು ಬೆಳಿಗ್ಗೆ ಹಾಗೇ ಕುಕ್ಕಿದ ತಟ್ಟೆಯಲ್ಲಿ ಅವಲಕ್ಕಿ ತಿಂದು ಹೋದೆ. ಅಂದು ಮಧ್ಯಾಹ್ನ, ಡಬ್ಬಿ ಬಿಚ್ಚುವ ಮೊದಲೇ, ಶರ್ವಾಣಿಯ ವಿದ್ಯೆ ನನ್ನ ತಲೆಗೆ ಸರಿಯಾಗಿ ಹತ್ತಿತು: ನೋಡು, ತೊಡಕು ಯಾವುದೆಂದು ಹೇಳು, ಉಪಾಯ ಹುಡುಕು, ಸಣ್ಣದಾಗಿ ಮಾಡಿ ನೋಡು, ತಪ್ಪಿದರೆ ತಿದ್ದು. ಸಂಜೆ ಮನೆಗೆ ಬಂದರೆ ಪಂಕಜ ಬಾಗಿಲಲ್ಲೇ “ಬನ್ರೀ, ಕಾಫಿ ಕುಡೀತೀರಾ?” ಅಂದಳು. ನನಗೆ ಹೆದರಿಕೆಯಾಯಿತು.

“ಏನ್ ಹೋಯ್ತು ಪಂಕಜ?”

“ಏನೂ ಹೋಗ್ಲಿಲ್ವಲ್ರೀ. ಯಾಕೋ ಬೆಳಿಗ್ಗೆಯಿಂದ ಮನಸ್ಸು ಹಗುರವಾಗಿದೆ.”

ಬುದ್ಧಿ ಇದ್ದವನು ಕಾಫಿ ಕುಡಿದು ಸುಮ್ಮನಾಗುತ್ತಿದ್ದ. ಆದರೆ ಮುನ್ನೂರು ಚಿಲ್ಲರೆ ಬೆರಳು ನನ್ನ ಕಣ್ಣ ಮುಂದೆ ಬಂದವು. ಬಿಸಿಬೇಳೆಬಾತಿನ ಕಥೆಯನ್ನು ಮೊದಲಿನಿಂದ ಕೊನೆಯತನಕ ನಾನೇ ಹೇಳಿ, “ಬೆಳಿಗ್ಗೆ ಬಡಿಸುವಾಗ ನೀನು ಏನು ಯೋಚನೆ ಮಾಡ್ತಿದ್ದಿರಬಹುದು?” ಎಂದು ಕೇಳಿದೆ.

“ಹಾಗಂದ್ರಾ? ನಿಮ್ಮ ತಂಗಿ ಎದುರಿಗಾ?” ಅಂದಳು. ಕಾಫಿಯ ಲೋಟ ವಾಪಸ್ಸು ಹೋಯಿತು. ಒಳಗಿನಿಂದ ಧ್ವನಿ ಮಾತ್ರ ಬಂತು. “ಇನ್ನೇನ್ರೀ ಯೋಚನೆ ಮಾಡ್ತಿರ್ತೀನಿ? ನನ್ನ ಬಗ್ಗೆ ನನಗೆ ಗೊತ್ತಿಲ್ವಾ? ಅದನ್ನೇ!” ಅದಾದ ಮೇಲೆ ಇನ್ನೂ ಒಂಬತ್ತು ದಿನ ಮಾತಿಲ್ಲ.

ಆದರೆ ನನಗೆ ಬೇಕಾದದ್ದು ಸಿಕ್ಕಿತ್ತು. ಬಡಿಸುವ ಗಳಿಗೆಯಲ್ಲಿ ಮನಸ್ಸಿನಲ್ಲಿ ಯಾವುದು ಇರುತ್ತದೆಯೋ ಅದೇ ಹೋಗುತ್ತದೆ. ಅಂದು ಗೌರಿ ಹಬ್ಬದ ಹಿಂದಿನ ದಿನ, ತಾಯಮ್ಮ ಬೇಗ ಮನೆಗೆ ಹೋಗಿ ಹಬ್ಬದ ಸಿದ್ಧತೆ ಮಾಡಬೇಕೆಂದು ಯೋಚಿಸುತ್ತ ಬಡಿಸಿರಬೇಕು. ಮನೆಯ ದಾರಿಯೇ ಹೋಯಿತು. ತಲೆತಲಾಂತರದಿಂದ ನಮ್ಮೂರಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ. ಏನ್ ಹೋಯ್ತು ಎಂದು ನಾವು ಕೇಳುವುದು ಮರ್ಯಾದೆಗೆ, ಏನೂ ಇಲ್ಲ ಎಂದು ಅವರು ಹೇಳುವುದೂ ಮರ್ಯಾದೆಗೆ. ಇಷ್ಟು ಮರ್ಯಾದೆಯ ನಡುವೆ ಯಾವ ವಿಷಯ ತಾನೇ ತಿಳಿದೀತು!

ಮರುದಿನ ಮುಂದಿನ ಗೇಟಿಗೆ ನೋಟೀಸು ಹಚ್ಚಿದೆವು: ‘ಮರೆಯಲೇಬೇಕಾದ ವಿಷಯ ಇರುವವರು ಬಂದು ಒಂದು ತಟ್ಟೆ ಉಪ್ಪಿಟ್ಟು ಬಡಿಸಬಹುದು.’ ಇಪ್ಪತ್ತಾರು ಜನ ಸಾಕಾಗಿತ್ತು. ಸಾಲು ತಿರುವಿನ ತನಕ ಬೆಳೆಯಿತು. ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬರ ತಲೆಯಲ್ಲಿ ಹಲ್ಲುಪುಡಿಯ ಜಾಹೀರಾತಿನ ಹಾಡು ಒಂಬತ್ತು ವರ್ಷದಿಂದ ಸುತ್ತುತ್ತಿತ್ತು. ಇಬ್ಬರು ವಾರಗಿತ್ತಿಯರು ಒಂದೇ ಒರಳುಕಲ್ಲಿನ ಜಗಳವನ್ನು ಒಟ್ಟಿಗೆ ಮರೆಯಲು ಬಂದಿದ್ದರು. ಒಬ್ಬಳು ಮರೆತು ಇನ್ನೊಬ್ಬಳು ಉಳಿಸಿಕೊಂಡರೆ ಅನ್ಯಾಯವೆಂದು ತಟ್ಟೆಗಳನ್ನು ಅಕ್ಕಪಕ್ಕ ಇಡಬೇಕೆಂದರು. ಒಬ್ಬ ಹೆಡ್‌ಮಾಸ್ಟರು ತಮ್ಮ ಎಸ್ಸೆಸ್ಸೆಲ್ಸಿ ಅಂಕಗಳನ್ನು ಮರೆಯಬೇಕಿತ್ತು. ಕ್ಷೌರದ ಅಂಗಡಿಯ ಮುದ್ದಣ್ಣನ ಹತ್ತಿರ ಯಾರದೋ ಒಂದು ಗುಟ್ಟು ಇತ್ತು. “ನಾಲಿಗೆ ತುದಿಗೆ ಬಂದ್ಬಿಟ್ಟಿದೆ ಸಾರ್. ಹೇಳೋಕೆ ಮುಂಚೆ ಮರೀಬೇಕು,” ಎಂದು ಗೋಗರೆದ. ಅವನನ್ನು ಮರಿಸಿದ್ದಯ್ಯನಿಗೆ ಗೊತ್ತುಮಾಡಿದೆವು.

ಮೊದಲು ಒಬ್ಬರಿಂದ ಮಾಡಿಸಿ ನೋಡೋಣ, ತಿಂದು ಕಲಿಯುವವಳು ನಾನೇ ಆಗುತ್ತೇನೆ ಎಂದಳು ಶರ್ವಾಣಿ. ಅದು ಒಳ್ಳೆಯದೇ ಆಯಿತು. ಬಡಿಸಲು ನಿಂತ ಮನುಷ್ಯ ಹಳೆಯ ಅವಮಾನವನ್ನು ನೆನೆಯುವ ಬದಲು, ಮನೆಯಲ್ಲಿ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಯೋಚಿಸಿಬಿಟ್ಟ. ಅವನಿಗೆ ಒಲೆ ಹಚ್ಚುವುದೂ ಆರಿಸುವುದೂ ಮರೆತುಹೋಯಿತು. ನಾವು ಕ್ಷಮೆ ಕೇಳಲು ಹೋದರೆ ಅವನ ಹೆಂಡತಿ, ಹತ್ತು ವರ್ಷದಿಂದ ಈ ಮನುಷ್ಯ ಅಡುಗೆಮನೆಗೆ ಬಂದು ತಲೆ ತಿನ್ನುತ್ತಿದ್ದ, ಈಗ ನೆಮ್ಮದಿ ಎಂದು ನಮಗೇ ಕಾಫಿ ಕೊಟ್ಟಳು. ಆಮೇಲಿನಿಂದ ನಿಯಮ ತಿದ್ದಿದೆವು: ಗ್ಯಾಸು, ಬೀಗ, ನಲ್ಲಿ ಎಲ್ಲ ನೋಡಿಕೊಂಡು ಬರಬೇಕು, ಬಡಿಸುವಾಗ ಮಾತಾಡಬಾರದು.

ಹದಿನೆಂಟನೆಯ ತರಬೇತಿಯ ದಿನ ಕ್ಯಾಂಟೀನಿನಲ್ಲಿ ಇಪ್ಪತ್ತೈದು ಜನ ಹಲ್ಲು ಕಚ್ಚಿಕೊಂಡು, ತಮಗೆ ಬೇಡವಾದದ್ದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದು ಉಪ್ಪಿಟ್ಟು ಬಡಿಸುತ್ತಿದ್ದರು. ಇಪ್ಪತ್ತಾರನೆಯವನು ಮುದ್ದಣ್ಣ. ಅವನು ಬಾಗಿಲಲ್ಲೇ ನಿಂತು ಕೈ ಹಿಸುಕಿಕೊಂಡ. “ತಪ್ಪಾಯ್ತು ಸಾರ್. ನಿನ್ನೆ ಸಂಜೆ ಹೇಳ್ಬಿಟ್ಟೆ. ಈಗ ಮರೆಯೋಕೆ ಏನೂ ಉಳಿದಿಲ್ಲ.”

ಸಾಲಿನಲ್ಲಿದ್ದ ಉಳಿದವರನ್ನು ನಾವು ವಾಪಸ್ಸು ಕಳಿಸಿಯಾಗಿತ್ತು. ಮರಿಸಿದ್ದಯ್ಯ ಖಾಲಿ ತಟ್ಟೆಯ ಮುಂದೆ ಕೂತಿದ್ದ. “ನಂದಿರ್ಲಿ ಬಿಡಿ ಸಾ. ನಾನು ಹಿಂಗೇ ಉಸಾರಾಗಿರ್ತೀನಿ,” ಅಂದ. ತುದಿಯಿಲ್ಲದ ಬೆರಳು ತಟ್ಟೆಯ ಅಂಚಿನ ಮೇಲಿತ್ತು.

ತಾಯಮ್ಮ ಅಲ್ಲಿಯತನಕ ಮುನಿಸಿಕೊಂಡು ಒಲೆಯ ಹತ್ತಿರ ನಿಂತಿದ್ದಳು. ತನ್ನ ಉಪ್ಪಿಟ್ಟನ್ನು ಕಂಡಕಂಡವರ ಕೈಯಲ್ಲಿ ಬಡಿಸುತ್ತಿದ್ದಾರೆಂಬ ಸಿಟ್ಟು ಅವಳಿಗೆ. “ಇದೆಲ್ಲಾ ಏನ್ ನಾಟ್ಕ? ನಾನ್ ಬಡಿಸಿದ್ರೆ ಏನಾಯ್ತದೆ?” ಎಂದು ಕೇಳಿದಳು. ಹೇಳಬೇಕಾದವನು ನಾನೇ ಎಂದು ನನಗೆ ಅನ್ನಿಸಿತು. ಹೇಳಿದೆ. ಕೈ ತೊಳೆಯುವ ತರಬೇತಿ, ಆಣೆ, ಕಿವಿಯ ಹತ್ತಿ, ಬೆರಳು, ಎಲ್ಲವನ್ನೂ.

ಅವಳು ಮರಿಸಿದ್ದಯ್ಯನ ಮುಂದೆ ಬಂದು ನಿಂತಳು. ಅವನ ಕೈ ಎತ್ತಿ ಬೆರಳು ನೋಡಿದಳು. “ಇದು ನನ್ನಿಂದ ಹೋಯ್ತಾ?”

“ಇಲ್ಲ ತಾಯಮ್ಮ, ಯಂತ್ರದಿಂದ.”

“ಮುಚ್ಚೋ ಬಾಯಿ. ನಿನ್ ಹೆಂಡ್ರಿಗೆ ಏನಂತ ಮುಖ ತೋರಿಸ್ಲಿ ನಾನು? ಮೂವತ್ತೆರಡು ಜನ ಸೇರ್ಕೊಂಡು ನನ್ ತಲೆ ಕಾಯ್ತಿದ್ರಾ? ನಾನೇನ್ ಗಾಜಿನ ಬಳೆಯಾ?” ಅವಳ ಕಣ್ಣಲ್ಲಿ ನೀರು ತುಂಬಿತ್ತು, ಕೈಯಲ್ಲಿ ಸೌಟು ಇತ್ತು. ಆ ಸೌಟಿಗೆ ಮ್ಯಾನೇಜರು ಕೂಡ ಎರಡು ಹೆಜ್ಜೆ ಹಿಂದೆ ಸರಿದರು. “ನಂಗೂ ಒಂದೈತೆ ಮರೆಯೋಕೆ. ನೀವೇನ್ ನನ್ನ ಕೇಳಿದ್ರಾ? ಊರೋರ್‌ನೆಲ್ಲಾ ಕೇಳಿದ್ರಿ.”

ನಿಜ. ಬಣ್ಣದ ಚೀಟಿಗಳನ್ನು ಊರಿಗೆಲ್ಲ ಹಂಚಿದ ನಾವು ತಾಯಮ್ಮನ ಕೈಗೆ ಒಂದೂ ಕೊಟ್ಟಿರಲಿಲ್ಲ. ಶರ್ವಾಣಿ ತಲೆ ತಗ್ಗಿಸಿದಳು.

“ಅವತ್ತು ಸಂಜೆ ಗೇಟ್ ತಾವ ನಿಂತ್ಕೊಂಡು ನಮ್ಮನೆ ಎಲ್ಲಿ ಅಂತ ಕೇಳಿದ್ನಲ್ಲ, ಅದು,” ಅಂದಳು ತಾಯಮ್ಮ. ಅವಳ ಧ್ವನಿ ಇಳಿಯಿತು. “ದಿನಾ ಐದೂವರೆ ಆಗೋದು ತಡ, ಆ ಭಯ ಬಂದು ಹೊಟ್ಟೇಲಿ ಕುಂತ್ಕೊತದೆ. ಇವತ್ತು ಯಾರೂ ಬರ್ದೇ ಇದ್ರೆ ಎಲ್ಲಿಗೆ ಹೋಗ್ಲಿ ಅಂತ. ದಾರಿ ಹೋದದ್ದು ಹೋಯ್ತು. ಈ ಭಯ ಒಂದು ಹೋಗ್ಲಿ ಮಗ. ತಿನ್ನು.”

ಅವನು ತಟ್ಟೆಗೆ ಕೈ ಅಡ್ಡ ಹಿಡಿದ. ಅವಳು ಆ ಕೈಯನ್ನು ಸೌಟಿನಿಂದಲೇ ತಳ್ಳಿ, ಕಣ್ಣು ಮುಚ್ಚಿಕೊಂಡು, ಎರಡು ಸೌಟು ಉಪ್ಪಿಟ್ಟು ಹಾಕಿದಳು. ಮರಿಸಿದ್ದಯ್ಯ ಅಳುತ್ತ ತಿಂದ. ನಾವು ಯಾರೂ ಅತ್ತ ನೋಡಲಿಲ್ಲ.

ಪಾಠ ಹತ್ತೇ ನಿಮಿಷ. ಕಿವಿಯ ಹತ್ತಿಯನ್ನೆಲ್ಲ ಒಂದು ಡಬ್ಬಕ್ಕೆ ಹಾಕಿಸಿದೆವು. ಆರು ವರ್ಷದಲ್ಲಿ ಮೊದಲ ಬಾರಿ ನನಗೆ ನೆತ್ತಿಗಳ ಬದಲು ಮುಖಗಳು ಕಂಡವು. ನಂತರ ಯಂತ್ರದ ಮುಂದೆ ಒಬ್ಬೊಬ್ಬರಾಗಿ ಬಂದು ಗುಂಡಿ ಒತ್ತಿ ಎಣಿಸಿದರು. ಮರಿಸಿದ್ದಯ್ಯ ಕೊನೆಗೆ ಬಂದ. ಗುಂಡಿ ಒತ್ತಿದ. “ಒಂದು, ಎರಡು, ಮೂರು...” ಇಡೀ ಕಾರ್ಖಾನೆ ಅವನ ಜೊತೆ ಎಣಿಸಿತು. ಆರಕ್ಕೆ ಉರುಳೆ ನಿಂತಿತು. ಅವನು ಕೈ ಹಾಕಿ ಸಿಕ್ಕಿದ್ದ ಹಿಟ್ಟನ್ನು ತೆಗೆದು ಮೇಲೆತ್ತಿ ತೋರಿಸಿದ. ಶರ್ವಾಣಿ ಹೆಡ್ಡಾಫೀಸಿಗೆ ಕಳಿಸುವ ವರದಿಯ ‘ಫಲಿತಾಂಶ’ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದಳು. ಬೆರಳುಗಳು ಇದ್ದಷ್ಟೂ ಇವೆ ಎಂದು ಬರೆಯಿರಿ ಅಂದೆ.

ಸಂಜೆ ಮರಿಸಿದ್ದಯ್ಯ ಎಲೆ ಅಡಿಕೆ ಹಿಡಿದು ಕ್ಯಾಂಟೀನಿಗೆ ಹೋದ. ನಾನೂ ಜೊತೆಗೆ ಹೋದೆ. “ಏನ್ ಹೋಯ್ತು ತಾಯಮ್ಮ?” ಅಂದ.

“ಏನೂ ಹೋಗ್ಲಿಲ್ಲ ಬಿಡಪ್ಪ,” ಅಂದಳು. ಮುಖ ನೋಡಿದರೆ ಮರ್ಯಾದೆಗೆ ಹೇಳಿದಂತಿರಲಿಲ್ಲ.

ಐದೂವರೆಗೆ ಮೂವತ್ತೆರಡು ಜನ ಮುಂದಿನ ಗೇಟಿನಲ್ಲಿ ನಿಂತಿದ್ದರು. ತಾಯಮ್ಮ ಚೀಲ ಬೀಸಿಕೊಂಡು ಬಂದಳು. ಸೆರಗನ್ನು ಹಿಡಿದುಕೊಂಡಿರಲಿಲ್ಲ. ಇವರನ್ನೆಲ್ಲ ಕಂಡು ಆಶ್ಚರ್ಯದಿಂದ ನಿಂತಳು. “ಏನ್ರೋ ಇದು, ಹಿಂಡ್ ಹಿಂಡಾಗಿ ನಿಂತಿದ್ದೀರಾ? ಮನೆಗ್ ಹೋಗಾಕಿಲ್ವಾ?” ಆರು ವರ್ಷ ಅವರು ಯಾಕೆ ತನ್ನ ಜೊತೆ ನಡೆದರು ಎಂಬುದು ಆ ಸಂಜೆಯ ಜೊತೆಗೇ ಅವಳ ಮನಸ್ಸಿನಿಂದ ಹೋಗಿತ್ತು. ನಾವು ಯಾರೂ ಅದನ್ನು ಮುಂಚೆ ಯೋಚಿಸಿರಲಿಲ್ಲ. ಅವಳು ತಲೆಯಾಡಿಸಿ, ಗೇಟು ದಾಟಿ, ಒಂದಿಷ್ಟೂ ಅನುಮಾನವಿಲ್ಲದೆ ಎಡಕ್ಕೆ ತಿರುಗಿ ನಡೆಯತೊಡಗಿದಳು.

ಅವಳ ಮನೆ ಬಲಕ್ಕೆ. ಮೂವತ್ತೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅವಳ ಹಿಂದೆ ಎಡಕ್ಕೇ ಹೊರಟರು. ಇಪ್ಪತ್ತು ಹೆಜ್ಜೆಯಾದ ಮೇಲೆ ಮರಿಸಿದ್ದಯ್ಯ ಅವಳ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೆಮ್ಮಿದ. “ತಾಯಮ್ಮ, ನಮ್ಗೆ ಆ ಕಡೆ ಹೋಗ್ಬೇಕಿತ್ತು. ನೀನೂ ಒಸಿ ಬಂದಿದ್ರೆ...”

ತಾಯಮ್ಮ ನಿಂತು, ಹಿಂತಿರುಗಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಅವಳ ಮುಖದಲ್ಲಿ ಮರುಕ ಮೂಡಿತು. “ಅಯ್ಯೋ, ಇಷ್ಟ್ ದೊಡ್ಡೋರಾಗಿದ್ದೀರಾ, ಒಬ್ರಿಗೂ ಮನೆ ದಾರಿ ಗೊತ್ತಿಲ್ವೇನ್ರೋ?”

“ಇಲ್ಲ ತಾಯಮ್ಮ,” ಅಂದ ಮರಿಸಿದ್ದಯ್ಯ.

“ಸರಿ, ಬನ್ನಿ. ನಾನೇ ಕರ್ಕೊಂಡ್ ಹೋಯ್ತೀನಿ,” ಎಂದು ಅವಳು ಅವನ ಕೈ ಹಿಡಿದುಕೊಂಡು ಬಲಕ್ಕೆ ಹೊರಟಳು. ನನ್ನ ಮನೆ ಕಾರ್ಖಾನೆಯ ಹಿಂದೆಯೇ ಇದೆ. ನಾನೂ ಅವರ ಜೊತೆ ಹೋದೆ.